ಐದನೇ ತರಗತಿ ಮುಗಿದ ಮೇಲೆ ಮಕ್ಕಳು ಎಲ್ಲಿಗೆ ಹೋದರು? ಊರ ಶಾಲೆ ಖಾಲಿಯಾಗುವ ಲೆಕ್ಕ

ಸಣ್ಣ ಸರ್ಕಾರಿ ಶಾಲೆಗಳನ್ನು ಹತ್ತಿರದ ಕರ್ನಾಟಕ ಪಬ್ಲಿಕ್ ಶಾಲೆಯ (ಕೆಪಿಎಸ್) ಜೊತೆ ಸೇರಿಸುವ ಸುದ್ದಿ ಬಂದಾಗಿನಿಂದ ಹಳ್ಳಿಗಳಲ್ಲಿ ಗೊಂದಲ ಶುರುವಾಗಿದೆ. ಇದು ಶಾಲೆ ಮುಚ್ಚುವ ಕೆಲಸವೇ ಎಂದು ವಿದ್ಯಾರ್ಥಿ ಸಂಘಟನೆಗಳು ಬೀದಿಗಿಳಿದಿವೆ. ಯಾವ ಕನ್ನಡ ಶಾಲೆಯನ್ನೂ ಮುಚ್ಚುವುದಿಲ್ಲ ಎಂದು ಸರ್ಕಾರ ಹೇಳುತ್ತಿದೆ. ಚನ್ನಪಟ್ಟಣ ತಾಲೂಕಿನ ಹೊಂಗನೂರಿನ ಕೆಪಿಎಸ್‌ಗೆ ಸುತ್ತಲಿನ ಸಣ್ಣ ಶಾಲೆಗಳನ್ನು ಸೇರಿಸುವ ಸುದ್ದಿ ಬಂದಾಗಲೂ ಹೀಗೇ ಆಯಿತು. ಒಂದೇ ಕೆಲಸಕ್ಕೆ ಒಬ್ಬರು ವಿಲೀನ ಅಂದರು, ಇನ್ನೊಬ್ಬರು ಮುಚ್ಚುವಿಕೆ ಅಂದರು.

ಈ ಜಗಳದಲ್ಲಿ ಎರಡೂ ಕಡೆಯವರು ಒಪ್ಪುವ ಮಾತು ಒಂದಿದೆ. ಊರ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿದ್ದಾರೆ. ಯಾಕೆ ಕಡಿಮೆಯಾದರು ಎಂದು ಕೇಳಿದರೆ ಬರುವ ಉತ್ತರಗಳೂ ಹೆಚ್ಚು ಕಡಿಮೆ ಒಂದೇ. ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯ ವ್ಯಾನು ಊರೊಳಗೇ ಬರುತ್ತದೆ, ಅಪ್ಪ ಅಮ್ಮ ಕೆಲಸ ಹುಡುಕಿಕೊಂಡು ಬೆಂಗಳೂರಿಗೋ ಪುಣೆಗೋ ಹೋಗುತ್ತಾರೆ, ಹುಟ್ಟುವ ಮಕ್ಕಳೇ ಕಡಿಮೆ. ಇವೆಲ್ಲ ನಿಜವೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ 1.7 ಮಕ್ಕಳು.

ಆದರೆ ಇನ್ನೊಂದು ಕಾರಣವೂ ಇದೆ. ಅದರ ಬಗ್ಗೆ ಯಾಕೋ ಯಾರೂ ಜಾಸ್ತಿ ಮಾತಾಡುವುದಿಲ್ಲ. ಆರನೇ ತರಗತಿಗೆ ಬರುವಾಗ ಊರ ಶಾಲೆಯಿಂದ ಮಕ್ಕಳನ್ನು ಕರೆದುಕೊಂಡು ಹೋಗುವವರಲ್ಲಿ ಸರ್ಕಾರವೂ ಇದೆ. ಅದೂ ಒಂದು ಬಾಗಿಲಿನಿಂದಲ್ಲ, ಐದಾರು ಬಾಗಿಲಿನಿಂದ.

ಒಂದು ತಾಲೂಕು, ಎಷ್ಟೊಂದು ಶಾಲೆ

ರಾಯಚೂರು, ಯಾದಗಿರಿ ಕಡೆಯ ಯಾವುದಾದರೂ ಹಿಂದುಳಿದ ತಾಲೂಕನ್ನು ಕಣ್ಣಮುಂದೆ ತಂದುಕೊಳ್ಳಿ. ಐದನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಅವಳು ತನ್ನ ಊರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲೇ ಏಳನೆಯವರೆಗೆ, ಕೆಲವು ಕಡೆ ಎಂಟನೆಯವರೆಗೆ ಓದಬಹುದು. ಅದು ಬೇಡ ಅಂದರೆ ಸರ್ಕಾರವೇ ಅವಳ ಮುಂದೆ ಬೇರೆ ದಾರಿಗಳನ್ನು ಇಟ್ಟಿದೆ.

ಮೊದಲು ನವೋದಯ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದ್ದು, ಕೇಂದ್ರ ಸರ್ಕಾರದ್ದು, ಊಟ ವಸತಿ ಎಲ್ಲ ಅಲ್ಲೇ. ಸಾಮಾನ್ಯವಾಗಿ ಜಿಲ್ಲೆಗೊಂದು, ಆರನೇ ತರಗತಿಗೆ 80 ಸೀಟು. ಅದರಲ್ಲಿ ಕನಿಷ್ಠ ಶೇ 75 ಹಳ್ಳಿ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಸೇರಬೇಕಾದರೆ ಪರೀಕ್ಷೆ ಪಾಸಾಗಬೇಕು.

ಆಮೇಲೆ ಜನರು ಸುಮ್ನೆ "ಮೊರಾರ್ಜಿ" ಎಂದು ಕರೆಯುವ ವಸತಿ ಶಾಲೆಗಳು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಅಟಲ್ ಬಿಹಾರಿ ವಾಜಪೇಯಿ ಎಂದು ಬೋರ್ಡಿನ ಮೇಲೆ ಬೇರೆ ಬೇರೆ ಹೆಸರು. 1999ರಲ್ಲಿ ಶುರುವಾದ ಕರ್ನಾಟಕ ವಸತಿ ಶಿಕ್ಷಣ ಸಂಸ್ಥೆಗಳ ಸಂಘ, ಅಂದರೆ ಕ್ರೈಸ್, ಇಂಥ 800ಕ್ಕೂ ಹೆಚ್ಚು ಶಾಲೆಗಳನ್ನು ನಡೆಸುತ್ತಿದೆ. ಆರರಿಂದ ಹತ್ತನೇ ತರಗತಿ, ಇಂಗ್ಲಿಷ್ ಮಾಧ್ಯಮ, ಒಂದು ಶಾಲೆಗೆ ವರ್ಷಕ್ಕೆ ಸಾಮಾನ್ಯವಾಗಿ 50 ಮಕ್ಕಳು. ಇಲ್ಲಿಗೂ ಪರೀಕ್ಷೆ ಇದೆ, ಅದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಕೆಲವು ವಿಶೇಷ ವರ್ಗದ ಮಕ್ಕಳಿಗೆ ಮಾತ್ರ ನೇರ ಪ್ರವೇಶ.

ಮೂರನೆಯದು ಆದರ್ಶ ವಿದ್ಯಾಲಯ. ಶೈಕ್ಷಣಿಕವಾಗಿ ಹಿಂದುಳಿದ ತಾಲೂಕುಗಳಿಗೆಂದೇ 2010–11ರಲ್ಲಿ ಶುರುವಾದ 74 ಶಾಲೆಗಳು ಇವು. ಇಲ್ಲಿಯೂ ಆರನೆಯಿಂದ ಇಂಗ್ಲಿಷ್ ಮಾಧ್ಯಮ, ಇಲ್ಲಿಯೂ ಪ್ರವೇಶ ಪರೀಕ್ಷೆ, ಆದರೆ ವಸತಿ ಇಲ್ಲ, ಮಗು ದಿನಾ ಹೋಗಿ ಬರಬೇಕು. ಈ ಯೋಜನೆಗೆ ಕೊಡುತ್ತಿದ್ದ ಹಣವನ್ನು 2015ರ ಹೊತ್ತಿಗೆ ಕೇಂದ್ರ ನಿಲ್ಲಿಸಿತು, ರಾಜ್ಯವೇ ಮುಂದುವರಿಸಿಕೊಂಡು ಬಂದಿದೆ. ಇದರ ಜೊತೆಗೆ ಅಲ್ಪಸಂಖ್ಯಾತರ ಇಲಾಖೆಯ ಮೌಲಾನಾ ಆಜಾದ್ ಮಾದರಿ ಶಾಲೆಗಳಿವೆ, 2017–18ರಲ್ಲಿ ಬಂದದ್ದು. ಅವೂ ಆರನೇ ತರಗತಿಯಿಂದಲೇ ಶುರು.

ಇನ್ನೊಂದು ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ, 2004ರದ್ದು. ಇದರ ಸ್ವಭಾವ ಬೇರೆ, ಮುಂದೆ ಬರುತ್ತೇನೆ. ಕೊನೆಗೆ ಕೆಪಿಎಸ್. ಎಲ್‌ಕೆಜಿಯಿಂದ ದ್ವಿತೀಯ ಪಿಯುವರೆಗೆ ಒಂದೇ ಆವರಣದಲ್ಲಿ. 2025–26ರ ಬಜೆಟ್‌ನಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಇನ್ನೂ 500 ಮಾಡುತ್ತೇವೆ ಎಂದು ಸರ್ಕಾರ ಹೇಳಿತು. ಈಗಿನ ವಿಲೀನದ ಸುದ್ದಿಯ ಬೇರು ಅಲ್ಲಿದೆ.

ಇವನ್ನು ನಡೆಸುವವರು ಯಾರ್ಯಾರು ನೋಡಿ. ನವೋದಯ ಕೇಂದ್ರದ ಶಿಕ್ಷಣ ಸಚಿವಾಲಯದ್ದು. ಕ್ರೈಸ್ ಶಾಲೆಗಳು ಸಮಾಜ ಕಲ್ಯಾಣ ಮತ್ತು ಅದರ ಸೋದರ ಇಲಾಖೆಗಳದ್ದು. ಆದರ್ಶ, ಕಸ್ತೂರಬಾ, ಕೆಪಿಎಸ್ ಶಾಲಾ ಶಿಕ್ಷಣ ಇಲಾಖೆಯದ್ದು. ಹೆಚ್ಚಿನವರು ಮಕ್ಕಳನ್ನು ತೆಗೆದುಕೊಳ್ಳುವುದು ಅದೇ ಐದನೇ ತರಗತಿಯಿಂದ. ಆದರೆ ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ, ಈ ತಾಲೂಕಿನಲ್ಲಿ ಐದನೆಯಲ್ಲಿ ಇಷ್ಟು ಮಕ್ಕಳಿದ್ದಾರೆ, ಯಾರು ಎಷ್ಟು ತೆಗೆದುಕೊಂಡರೆ ಊರ ಶಾಲೆ ಉಳಿಯುತ್ತದೆ ಎಂದು ಲೆಕ್ಕ ಹಾಕಿ ಸೀಟು ನಿಗದಿ ಮಾಡುವ ಪದ್ಧತಿ ಇಲ್ಲ.

ಇಷ್ಟೊಂದು ಬಾಗಿಲು ಯಾಕೆ ಬೇಕಾಯಿತು

ಇದನ್ನೆಲ್ಲ ಯಾರೋ ಕೆಟ್ಟ ಉದ್ದೇಶದಿಂದ ಮಾಡಲಿಲ್ಲ. ಹಳ್ಳಿಯ ಸಾಮಾನ್ಯ ಶಾಲೆ ಸರಿಯಾಗುವವರೆಗೆ ಕಾಯುತ್ತಾ ಕೂತರೆ ಒಂದು ತಲೆಮಾರೇ ಕಳೆದುಹೋಗುತ್ತದೆ, ಅಷ್ಟರೊಳಗೆ ಕೆಲವರಿಗಾದರೂ ಒಳ್ಳೆಯ ಶಾಲೆ ಕೊಡೋಣ ಎಂಬ ಯೋಚನೆ ಅದು. ಭೂಮಿ ಇಲ್ಲದ ಕೂಲಿ ಕುಟುಂಬದ ಮಗುವಿಗೆ ಮೂರು ಹೊತ್ತು ಊಟ, ಹಾಸಿಗೆ, ಪುಸ್ತಕ, ಸಂಜೆ ಓದಲು ದೀಪ, ವಿಷಯಕ್ಕೊಬ್ಬ ಮೇಷ್ಟ್ರು ಸಿಗುವುದು ಸಣ್ಣ ಮಾತಲ್ಲ. ಹತ್ತಿ ಬಿಡಿಸುವ ಕಾಲಕ್ಕೆ, ಮೆಣಸಿನಕಾಯಿ ಕೊಯ್ಲಿಗೆ ಮಕ್ಕಳು ಶಾಲೆ ಬಿಟ್ಟು ಹೊಲಕ್ಕೆ ಹೋಗುವ ಕಡೆ, ಹಾಸ್ಟೆಲ್ಲಿನಲ್ಲಿರುವ ಮಗು ತರಗತಿಯಲ್ಲೇ ಇರುತ್ತದೆ. ವಸತಿ ಶಾಲೆಯಿಂದ ಬಂದು ಡಾಕ್ಟರು, ಎಂಜಿನಿಯರು, ಅಧಿಕಾರಿ ಆದ ಮನೆಯ ಮೊದಲ ಅಕ್ಷರಸ್ಥರು ನಮ್ಮ ನಡುವೆ ಎಷ್ಟೋ ಜನ ಇದ್ದಾರೆ.

ಹಾಗಾಗಿ ಈ ಶಾಲೆಗಳನ್ನು ಮುಚ್ಚಿ ಅನ್ನುವುದು ಉತ್ತರವಲ್ಲ. ನನ್ನ ವಾದವೂ ಅದಲ್ಲ. ಪ್ರತಿಯೊಂದು ಬಾಗಿಲೂ ತನ್ನಷ್ಟಕ್ಕೆ ಒಳ್ಳೆಯದೇ. ಎಲ್ಲವೂ ಒಂದೇ ವರ್ಷ, ಒಂದೇ ತರಗತಿಯ ಮೇಲೆ ತೆರೆದುಕೊಂಡಾಗ ಹಿಂದೆ ಉಳಿಯುವ ಶಾಲೆಗೆ ಏನಾಗುತ್ತದೆ ಎಂದು ನೋಡುವವರಿಲ್ಲದೇ ಇರುವುದು ತೊಂದರೆ.

ಊರ ಶಾಲೆಯಲ್ಲಿ ನಡೆಯುವುದು

ಒಂದು ಲೆಕ್ಕ ಮಾಡೋಣ. ಇದು ಬರೀ ಉದಾಹರಣೆ, ಯಾವ ಊರಿನದ್ದೂ ಅಲ್ಲ. ಒಂದರಿಂದ ಏಳರವರೆಗಿನ ಶಾಲೆ, ತರಗತಿಗೆ 16 ಮಕ್ಕಳು, ಒಟ್ಟು 112. ಐದನೆಯ 16 ಜನರಲ್ಲಿ ಮೂವರಿಗೆ ಮೊರಾರ್ಜಿ, ಇಬ್ಬರಿಗೆ ಆದರ್ಶ, ಒಬ್ಬಳಿಗೆ ಚೆನ್ನಮ್ಮ ಶಾಲೆಯ ಸೀಟು ಸಿಕ್ಕಿತು ಅಂದುಕೊಳ್ಳಿ. ಇನ್ನಿಬ್ಬರು ಪೇಟೆಯ ಖಾಸಗಿ ಶಾಲೆಗೆ ಹೋದರು. ಉಳಿದವರು 8 ಜನ. ಮುಂದಿನ ವರ್ಷವೂ ಹೀಗೇ ಆದರೆ ಆರನೆಯಲ್ಲಿ 8, ಏಳನೆಯಲ್ಲಿ 8. ಶಾಲೆಯ ಒಟ್ಟು ಸಂಖ್ಯೆ 112ರಿಂದ 96ಕ್ಕೆ ಇಳಿಯಿತು. ಎರಡೇ ವರ್ಷದಲ್ಲಿ ಒಂದು ಇಡೀ ತರಗತಿಯಷ್ಟು ಮಕ್ಕಳು ಇಲ್ಲ. ಹೋದ 16 ಮಕ್ಕಳಲ್ಲಿ 12 ಮಕ್ಕಳು ಹೋಗಿದ್ದು ಇನ್ನೊಂದು ಸರ್ಕಾರಿ ಶಾಲೆಗೇ. ಆದರೆ ಊರ ಶಾಲೆಯ ರಿಜಿಸ್ಟರಿನಲ್ಲಿ ಕಾಣುವುದು ದಾಖಲಾತಿ ಕುಸಿತ ಎಂಬ ಒಂದೇ ಸಾಲು.

ಮುಂದಿನ ಹೆಜ್ಜೆ ಶಿಕ್ಷಕರದ್ದು. ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರ ಹುದ್ದೆ ಮಕ್ಕಳ ತಲೆ ಎಣಿಕೆಯ ಮೇಲೆ ನಿಂತಿರುತ್ತದೆ. ಸಂಖ್ಯೆ ಇಳಿದರೆ ಒಬ್ಬರು "ಹೆಚ್ಚುವರಿ" ಆಗುತ್ತಾರೆ, ಕೌನ್ಸೆಲಿಂಗ್‌ನಲ್ಲಿ ಬೇರೆ ಶಾಲೆಗೆ ಹೋಗುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೇ ತರಗತಿಗೆ ತರಗತಿಗೊಬ್ಬ ಶಿಕ್ಷಕರಾದರೂ ಇರಬೇಕು. ವಿಜ್ಞಾನ ಮತ್ತು ಗಣಿತಕ್ಕೆ, ಸಮಾಜಕ್ಕೆ, ಭಾಷೆಗೆ ಒಬ್ಬೊಬ್ಬರಾದರೂ ಬೇಕು. ಆದರೆ ಎಂಟೆಂಟು ಮಕ್ಕಳಿರುವ ಎರಡು ತರಗತಿಗೆ ಮೂವರು ಪದವೀಧರ ಶಿಕ್ಷಕರನ್ನು ಕೊಡಲು ಇಲಾಖೆ ಹಿಂದೆಮುಂದೆ ನೋಡುತ್ತದೆ. ಹುದ್ದೆ ಖಾಲಿ ಬಿದ್ದರೆ ಅತಿಥಿ ಶಿಕ್ಷಕರು ಬರುತ್ತಾರೆ, ಅದೂ ಶಾಲೆ ಶುರುವಾಗಿ ಎಷ್ಟೋ ದಿನದ ಮೇಲೆ. ಆರು ಮತ್ತು ಏಳನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ. ಗಣಿತದ ಮೇಷ್ಟ್ರು ಇಲ್ಲದ ಶಾಲೆ ಎಂದು ಊರಲ್ಲಿ ಮಾತಾಗುತ್ತದೆ. ಮಾತಾದ ಮೇಲೆ, ಮುಂದಿನ ವರ್ಷ ಸೀಟು ಸಿಗದವರೂ ಮಗುವಿನ ಟಿಸಿ ಕೇಳುತ್ತಾರೆ, ಸಾಲ ಮಾಡಿಯಾದರೂ ಖಾಸಗಿಗೆ ಹಾಕುತ್ತಾರೆ. ಅಕ್ಕ ಪೇಟೆಯ ಶಾಲೆಗೆ ಹೋದ ಮೇಲೆ ತಮ್ಮನನ್ನೂ ಅದೇ ಬಸ್ಸಿಗೆ ಹತ್ತಿಸುವುದು ಸಹಜ ಅಲ್ವಾ? ಹಾಗೆ ಆರನೆಯಲ್ಲಿ ಶುರುವಾದ ಸೋರಿಕೆ ನಿಧಾನಕ್ಕೆ ಮೂರನೆಗೆ, ಎರಡನೆಗೆ ಇಳಿಯುತ್ತದೆ.

ಇದಕ್ಕೆ ಅಂಟಿಕೊಂಡು ಬರುವ ಇನ್ನೊಂದು ನಷ್ಟವಿದೆ. ಪ್ರವೇಶ ಪರೀಕ್ಷೆಗೆ ಮಗುವನ್ನು ತಯಾರು ಮಾಡುವವರು ಸಾಮಾನ್ಯವಾಗಿ ಊರಿನಲ್ಲಿ ಸ್ವಲ್ಪ ಓದಿಕೊಂಡ, ಕೇಳುವ ಧೈರ್ಯ ಇರುವ ತಂದೆ ತಾಯಿ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಎದ್ದು ನಿಂತು, ವಿಜ್ಞಾನದ ಮೇಷ್ಟ್ರು ಯಾವಾಗ ಬರುತ್ತಾರೆ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಯಾಕಿಲ್ಲ ಎಂದು ಕೇಳುವವರು ಅವರೇ. 2001ರಿಂದ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಈ ಸಮಿತಿಗಳಿವೆ. ಅದರಲ್ಲಿ ಕೂರಬೇಕಾದವರು ಶಾಲೆಯ ಮಕ್ಕಳ ಪೋಷಕರು. ಮಗು ಬೇರೆ ಶಾಲೆಗೆ ಹೋದ ದಿನ ಅವರ ದನಿಯೂ ಊರ ಶಾಲೆಯಿಂದ ಹೋಗುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಹೋಗಿ ಜಗಳ ಮಾಡಲು ಆಮೇಲೆ ಯಾರು ಉಳಿಯುತ್ತಾರೆ? ದಿನಗೂಲಿ ಬಿಟ್ಟು ಸಭೆಗೆ ಬರಲಾಗದವರು.

ಹತ್ತು ವರ್ಷಕ್ಕೇ ಪಾಸು ಫೇಲು

ಪರೀಕ್ಷೆಯ ಮಾತು ಸ್ವಲ್ಪ ನಿಂತು ನೋಡಬೇಕಾದದ್ದು. ಐದನೇ ತರಗತಿಯ ಮಗುವಿಗೆ ಹತ್ತು, ಹನ್ನೊಂದು ವಯಸ್ಸು. ಅಷ್ಟರಲ್ಲೇ ಅದು ಮೊರಾರ್ಜಿ, ನವೋದಯ, ಆದರ್ಶ ಎಂದು ಮೂರು ಮೂರು ಪರೀಕ್ಷೆ ಬರೆದಿರುತ್ತದೆ. ಇದಕ್ಕೆಂದೇ ತಾಲೂಕು ಕೇಂದ್ರಗಳಲ್ಲಿ ಕೋಚಿಂಗ್ ಬಂದಿದೆ. ನಾಲ್ಕನೇ ತರಗತಿಯಿಂದಲೇ ಮಕ್ಕಳು ಮಾದರಿ ಪ್ರಶ್ನೆ ಬಿಡಿಸುತ್ತಾ ಕೂರುತ್ತಾರೆ. ಬಡವರಿಗೆಂದು ಇಟ್ಟ ಸೀಟಿಗೆ ಬಡವರಲ್ಲೇ ಕೋಚಿಂಗ್ ಕಟ್ಟಲು ಆಗುವವರು ಮುಂದೆ ಹೋಗುತ್ತಾರೆ. ಆಗದವರು ಹಿಂದೆ ಉಳಿಯುತ್ತಾರೆ. ಸೀಟು ಸಿಗದ ಮಗು ಊರ ಶಾಲೆಯ ಆರನೆಯಲ್ಲಿ ಕೂರುವಾಗ, ಇದು ಆಯ್ಕೆಯಾಗದವರ ತರಗತಿ ಎಂಬ ಭಾವನೆ ಅದರ ಜೊತೆಗೇ ಬಂದು ಕೂರುತ್ತದೆ. ಆ ಮಗುವಿಗೆ ಅದನ್ನು ಬಾಯಿಬಿಟ್ಟು ಯಾರೂ ಹೇಳಬೇಕಾಗಿಲ್ಲ.

ಮಾಧ್ಯಮದ ಗೊಂದಲವೂ ಇಲ್ಲೇ. ಐದರವರೆಗೆ ಕನ್ನಡದಲ್ಲಿ ಕಲಿತ ಮಗು ಆರನೆಯಲ್ಲಿ ಒಮ್ಮೆಲೇ ವಿಜ್ಞಾನವನ್ನೂ ಗಣಿತವನ್ನೂ ಇಂಗ್ಲಿಷಿನಲ್ಲಿ ಓದಬೇಕು. ವಸತಿ ಶಾಲೆಯಲ್ಲಿ ಸಂಜೆ ಹೇಳಿಕೊಡುವವರು ಇರುತ್ತಾರೆ, ಹೇಗೋ ದಾಟುತ್ತಾರೆ. ದಿನಾ ಬಸ್ಸಿನಲ್ಲಿ ಹೋಗಿ ಬರುವ ಮಗುವಿಗೆ ಮನೆಯಲ್ಲಿ ಕೇಳಲು ಯಾರೂ ಇರುವುದಿಲ್ಲ.

ಕಸ್ತೂರಬಾ ಶಾಲೆ ಯಾಕೆ ಬೇರೆ

ಉಳಿದ ಬಾಗಿಲುಗಳಲ್ಲಿ ಹೆಚ್ಚಿನವು ಮುಂದಿರುವವರನ್ನು ಆರಿಸುತ್ತವೆ. ಕಸ್ತೂರಬಾ ಹಿಂದೆ ಬಿದ್ದವರನ್ನು ಹುಡುಕುತ್ತದೆ. ಶಾಲೆ ಬಿಟ್ಟ, ಶಾಲೆಗೇ ಸೇರದ ಹೆಣ್ಣುಮಕ್ಕಳಿಗೆಂದೇ ಇದನ್ನು ಹಿಂದುಳಿದ ತಾಲೂಕುಗಳಲ್ಲಿ ತೆರೆದರು. ಶೇ 75 ಸೀಟು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಹುಡುಗಿಯರಿಗೆ, ಉಳಿದದ್ದು ಬಡತನ ರೇಖೆಗಿಂತ ಕೆಳಗಿನ ಮನೆಯವರಿಗೆ. ಮೊದಲು ಆರರಿಂದ ಎಂಟರವರೆಗೆ ಮಾತ್ರ ಇತ್ತು. 2018ರಲ್ಲಿ ಕೇಂದ್ರದ ಸಮಗ್ರ ಶಿಕ್ಷಾ ಯೋಜನೆ ಬಂದ ಮೇಲೆ ಹನ್ನೆರಡರವರೆಗೆ ವಿಸ್ತರಿಸಲು ಅವಕಾಶವಾಯಿತು.

ಊರ ಶಾಲೆಗೆ ಇದರಿಂದ ನಷ್ಟ ಕಡಿಮೆ. ಯಾಕೆಂದರೆ ಇಲ್ಲಿಗೆ ಬರಬೇಕಾದ ಹುಡುಗಿ ಆಗಲೇ ತರಗತಿಯಿಂದ ಹೊರಗೆ ಹೋಗಿರುತ್ತಾಳೆ. ತಮ್ಮ ತಂಗಿಯರನ್ನು ನೋಡಿಕೊಂಡು ಮನೆಯಲ್ಲಿರುತ್ತಾಳೆ, ಇಲ್ಲವೇ ಹೊಲದಲ್ಲಿ. ಮದುವೆಯ ಮಾತು ಕೂಡ ಶುರುವಾಗಿರಬಹುದು. ಅವಳನ್ನು ಕರೆತಂದು ಓದಿಸುವುದು ಊರ ಶಾಲೆಯ ಜೊತೆ ಪೈಪೋಟಿಯಲ್ಲ, ಆ ಶಾಲೆಯಿಂದ ಆಗದೆ ಉಳಿದ ಕೆಲಸವನ್ನು ಮಾಡುವುದು. ಪರ್ಯಾಯ ಶಾಲೆ ಅಂದರೆ ಹೇಗಿರಬೇಕು ಎಂದು ಕೇಳಿದರೆ ನಾನು ಮೊದಲು ಇದರ ಕಡೆಗೇ ಕೈ ತೋರಿಸುತ್ತೇನೆ. ಹೊಸದಾಗಿ ಹಣ ಹಾಕುವುದಿದ್ದರೆ ಇಂಥ ಕಡೆ ಹಾಕಲಿ.

ಮೂರು ವಾದಗಳು

ಈಗ ಎದುರಾಬದುರಾ ನಿಂತಿರುವವರ ಮಾತಿಗೆ ಬರೋಣ.

ಕೆಪಿಎಸ್ ಪರವಾಗಿರುವವರು ಹೇಳುವುದು ಇಷ್ಟು. ಹತ್ತು ಮಕ್ಕಳ ಶಾಲೆಯಲ್ಲಿ ಪ್ರಯೋಗಾಲಯ, ಗ್ರಂಥಾಲಯ, ಆಟದ ಮೇಷ್ಟ್ರು, ಕಂಪ್ಯೂಟರು ಯಾವುದನ್ನೂ ಕೊಡಲಾಗುವುದಿಲ್ಲ. ಮಕ್ಕಳಿಗೂ ಓರಗೆಯವರ ಜೊತೆ ಬೆರೆಯಲು ಆಗುವುದಿಲ್ಲ. ನಾಲ್ಕು ಊರನ್ನು ಸೇರಿಸಿ ಒಂದು ದೊಡ್ಡ ಶಾಲೆ ಮಾಡಿದರೆ ವಿಷಯಕ್ಕೊಬ್ಬ ಶಿಕ್ಷಕರು ಸಿಗುತ್ತಾರೆ, ಖಾಸಗಿಗೆ ಹೋದವರೂ ವಾಪಸ್ ಬರುತ್ತಾರೆ. ಈ ವಾದದಲ್ಲಿ ತಿರುಳಿದೆ. ಆರರಿಂದ ಎಂಟನೇ ತರಗತಿಯ ಮಟ್ಟಿಗಂತೂ ಇದು ಸುಳ್ಳಲ್ಲ. ಅದೂ ಅಲ್ಲದೆ ಕೆಪಿಎಸ್‌ಗೆ ಮೊರಾರ್ಜಿಯಂತೆ ಆಯ್ದ ಐವತ್ತು ಮಕ್ಕಳನ್ನಷ್ಟೇ ತೆಗೆದುಕೊಳ್ಳುವ ಉದ್ದೇಶವಿಲ್ಲ.

ವಿರೋಧಿಸುವವರು ಶಿಕ್ಷಣ ಹಕ್ಕು ಕಾಯ್ದೆಯನ್ನು ಮುಂದಿಡುತ್ತಾರೆ. ಒಂದರಿಂದ ಐದನೆಯವರೆಗೆ 1 ಕಿಲೋಮೀಟರ್ ಒಳಗೆ, ಆರರಿಂದ ಎಂಟನೆಯವರೆಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂದು ನಿಯಮ ಹೇಳುತ್ತದೆ. ಶಾಲೆ ದೂರವಾದರೆ ಮೊದಲು ನಿಲ್ಲುವವಳು ಹುಡುಗಿ. ಶಾಲೆ ಹೋದರೆ ಬಿಸಿಯೂಟದ ಅಡುಗೆಯವರ ಕೆಲಸವೂ ಹೋಗುತ್ತದೆ. ಊರವರು ಕೊಟ್ಟ ಜಾಗ, ಕಟ್ಟಿದ ಕೋಣೆ ಪಾಳು ಬೀಳುತ್ತದೆ. ಇದರಲ್ಲೂ ಸುಳ್ಳಿಲ್ಲ.

ಮೂರನೆಯವರ ದನಿ ಸಣ್ಣದು, ಆದರೆ ಹಳೆಯದು. 1964–66ರ ಕೊಠಾರಿ ಆಯೋಗ ಹೇಳಿದ ಸಮಾನ ಶಾಲೆಯ ಮಾತದು. ಒಂದು ಊರಿನ ಎಲ್ಲ ಮಕ್ಕಳೂ ಒಂದೇ ಶಾಲೆಗೆ ಹೋಗಬೇಕು, ಆಗ ಮಾತ್ರ ಆ ಶಾಲೆಯನ್ನು ಸರಿಯಾಗಿಡಲು ಎಲ್ಲರೂ ಒತ್ತಡ ಹಾಕುತ್ತಾರೆ ಎಂಬುದು ಅದರ ಸಾರ. ಸರ್ಕಾರವೇ ಐದಾರು ಬಗೆಯ ಶಾಲೆ ಮಾಡಿದ್ದು ಇದಕ್ಕೆ ಉಲ್ಟಾ ಹೋದಂತೆ.

ನನಗೆ ಕಾಣುವ ಹಾಗೆ ಮೊದಲ ಎರಡು ಗುಂಪಿನವರು ಎಲ್ಲ ತರಗತಿಗಳನ್ನೂ ಒಟ್ಟಿಗೆ ಕಟ್ಟಿ ಮಾತಾಡುತ್ತಿರುವುದೇ ಗೊಂದಲಕ್ಕೆ ಕಾರಣ. ಆರು ವರ್ಷದ ಮಗುವಿಗೂ ಹನ್ನೆರಡು ವರ್ಷದ ಮಗುವಿಗೂ ಒಂದೇ ನ್ಯಾಯ ಆಗುವುದಿಲ್ಲ. ಚಿಕ್ಕ ಮಗುವಿಗೆ ಬೇಕಾದದ್ದು ಹತ್ತಿರದ ಶಾಲೆ, ಗೊತ್ತಿರುವ ಮುಖ. ಅಲ್ಲಿ ಹದಿನೈದೇ ಮಕ್ಕಳಿದ್ದರೂ ಒಬ್ಬ ಒಳ್ಳೆಯ ಟೀಚರ್ ಚೆನ್ನಾಗಿ ಕಲಿಸಬಲ್ಲರು, ನಲಿ ಕಲಿ ಪದ್ಧತಿಯೇ ಒಂದರಿಂದ ಮೂರನೆಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುತ್ತದೆ. ಆರನೆಯ ನಂತರ ಹಾಗಲ್ಲ. ಆಗ ವಿಷಯ ಬಲ್ಲ ಶಿಕ್ಷಕರು ಬೇಕು, ಅದಕ್ಕೆ ಒಂದಿಷ್ಟು ಸಂಖ್ಯೆಯೂ ಬೇಕು. ಹಾಗಾಗಿ ಐದರವರೆಗಿನ ಶಾಲೆಯನ್ನು ಮುಟ್ಟದೆ, ಆರರಿಂದ ಎಂಟನ್ನು ಮಾತ್ರ ಎರಡು ಮೂರು ಊರಿಗೊಂದರಂತೆ ಗಟ್ಟಿ ಮಾಡುವುದು ಸಾಧ್ಯ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿ 2+8+4 ರಚನೆ ಹೇಳಿದೆ. ಅಂದರೆ ಎರಡು ವರ್ಷ ಪೂರ್ವ ಪ್ರಾಥಮಿಕ, ಒಂದರಿಂದ ಎಂಟು ಒಂದೇ ಹಂತ, ಕೊನೆಗೆ ನಾಲ್ಕು ವರ್ಷ ಪ್ರೌಢ ಹಂತ. ಈಗ ಎಷ್ಟೋ ಊರಲ್ಲಿ ಏಳಕ್ಕೇ ಶಾಲೆ ಮುಗಿದು, ಎಂಟನೆಗೆ ಹೈಸ್ಕೂಲು ಹುಡುಕಬೇಕು. ಹೇಗೂ ಬಿಡಬೇಕು, ಆರಕ್ಕೇ ಬಿಟ್ಟರೆ ಆಯಿತು ಎಂದು ತಂದೆ ತಾಯಿ ಯೋಚಿಸುವುದಕ್ಕೆ ಅದೂ ಒಂದು ಕಾರಣ. ಎಂಟರವರೆಗೆ ಇಲ್ಲೇ ಎಂಬ ಭರವಸೆ ಇದ್ದರೆ ಕೆಲವರಾದರೂ ನಿಲ್ಲುತ್ತಾರೆ.

ಬಸ್ಸಿನ ಪ್ರಶ್ನೆ

ಯಾವ ವಿಲೀನವಾದರೂ ಕೊನೆಗೆ ನಿಲ್ಲುವುದು ಬಸ್ಸಿನ ಮೇಲೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲ, ಇದು ದೊಡ್ಡ ಅನುಕೂಲ. ಆದರೆ ಬಸ್ಸು ಬಂದರೆ ತಾನೇ? ಬೆಳಿಗ್ಗೆ ಒಂದು, ಸಂಜೆ ಒಂದು ಟ್ರಿಪ್ ಇರುವ ಊರಲ್ಲಿ ಸಂಜೆಯದ್ದು ತಪ್ಪಿದರೆ ಕತ್ತಲಲ್ಲಿ ನಡೆಯಬೇಕು. ಒಮ್ಮೆ ಹಾಗಾದರೆ ಸಾಕು, ಮರುದಿನ ಮಗಳನ್ನು ಕಳಿಸಲು ಮನೆಯವರು ಹೆದರುತ್ತಾರೆ. 2006–07ರಲ್ಲಿ ಶುರುವಾದ ಸೈಕಲ್ ಯೋಜನೆ ಎಂಟನೇ ತರಗತಿಯವರಿಗಿತ್ತು, ಕೆಲವು ವರ್ಷದ ಹಿಂದೆ ಅದೂ ನಿಂತಿತು. ಆರನೆಯ ಮಗುವಿಗೆ ಶಾಲೆ ದೂರ ಮಾಡುವುದಾದರೆ ಸೈಕಲ್ಲೋ ಶಾಲಾ ವಾಹನವೋ ಮೊದಲು ಬರಬೇಕು, ವಿಲೀನದ ಆದೇಶ ಆಮೇಲೆ.

ಮುಂದೆ ಏನಾಗಬಹುದು

ಈಗಿನಂತೆ ಮುಂದುವರಿದರೆ ಎರಡು ಮೂರು ವರ್ಷದಲ್ಲಿ ಆಗುವುದನ್ನು ಊಹಿಸುವುದು ಕಷ್ಟವಲ್ಲ. ವಸತಿ ಶಾಲೆಯ ಸೀಟು ಹೆಚ್ಚಿಸಿ ಎಂದು ಪ್ರತಿ ಶಾಸಕರೂ ಕೇಳುತ್ತಾರೆ, ಯಾಕೆಂದರೆ ಜನ ಅವರನ್ನು ಕೇಳುತ್ತಾರೆ. ಸೀಟು ಹೆಚ್ಚುತ್ತದೆ. ಊರ ಶಾಲೆಯ ಆರು, ಏಳು ಇನ್ನೂ ತೆಳ್ಳಗಾಗುತ್ತದೆ. ಆ ಸಂಖ್ಯೆಯನ್ನೇ ತೋರಿಸಿ ಕೆಪಿಎಸ್‌ಗೆ ಸೇರಿಸುತ್ತಾರೆ. ಕೆಪಿಎಸ್‌ನಲ್ಲಿ ಎಲ್‌ಕೆಜಿಯೂ ಇರುವುದರಿಂದ ಈಗ ಮೇಲಿನಿಂದ ಖಾಲಿಯಾಗುತ್ತಿರುವ ಊರ ಶಾಲೆ ಕೆಳಗಿನಿಂದಲೂ ಖಾಲಿಯಾಗುತ್ತದೆ. ಆಗ ಮುಚ್ಚಿದವರು ಯಾರು ಎಂದು ಕೇಳಿದರೆ ಯಾರ ಹೆಸರೂ ಸಿಗುವುದಿಲ್ಲ. ಯಾರೂ ಮುಚ್ಚುವ ಆದೇಶಕ್ಕೆ ಸಹಿ ಹಾಕಿರುವುದಿಲ್ಲ.

ಇದನ್ನು ಮೊದಲೇ ನೋಡಲು ಹೊಸ ಸಮೀಕ್ಷೆ, ಹೊಸ ಸಮಿತಿ ಏನೂ ಬೇಡ. ರಾಜ್ಯದ ಪ್ರತಿ ಶಾಲಾ ಮಗುವಿಗೂ ವಿದ್ಯಾರ್ಥಿಗಳ ದಾಖಲೆ ಇಡುವ ಸ್ಯಾಟ್ಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಒಂದು ಸಂಖ್ಯೆ ಇದೆ. ಮಗು ಶಾಲೆ ಬದಲಿಸಿದರೂ ಆ ಸಂಖ್ಯೆ ಜೊತೆಗೇ ಹೋಗುತ್ತದೆ. ಒಂದು ತಾಲೂಕಿನಲ್ಲಿ ಕಳೆದ ವರ್ಷ ಐದನೆಯಲ್ಲಿದ್ದ ಮಕ್ಕಳು ಈ ವರ್ಷ ಆರನೆಯಲ್ಲಿ ಎಲ್ಲೆಲ್ಲಿ ಇದ್ದಾರೆ, ಎಷ್ಟು ಜನ ಮೊರಾರ್ಜಿಯಲ್ಲಿ, ಎಷ್ಟು ಆದರ್ಶದಲ್ಲಿ, ಎಷ್ಟು ಖಾಸಗಿಯಲ್ಲಿ, ಎಷ್ಟು ಜನ ಎಲ್ಲಿಯೂ ಇಲ್ಲ ಎಂದು ಬಿಇಒ ಕಚೇರಿ ಬಯಸಿದರೆ ಊರುವಾರು ಪಟ್ಟಿ ತೆಗೆಯಬಹುದು. ವಿಲೀನದ ಸಭೆಗೆ ಅಧಿಕಾರಿಗಳು ಬಂದಾಗ ಎಸ್‌ಡಿಎಂಸಿಯವರು ಮೊದಲು ಕೇಳಬೇಕಾದದ್ದು ಈ ಪಟ್ಟಿಯನ್ನು. ಅದರಲ್ಲೂ ಕೊನೆಯ ಕಾಲಮ್ಮನ್ನು, ಎಲ್ಲಿಯೂ ಇಲ್ಲದ ಮಕ್ಕಳ ಹೆಸರನ್ನು.